ಮುಂದಿನ ಚಕ್ರದಲ್ಲಿ ಗುಂಯ್ ಅನ್ನುತ್ತಿದೆಯಾ? ಹಳೇ ಕಾರಿನ ವೀಲ್ ಬೇರಿಂಗ್ ದೋಷ ಪತ್ತೆ ಮತ್ತು ಬದಲಾವಣೆ

ಹತ್ತು ಹದಿನೈದು ವರ್ಷ ಓಡಿದ ಕಾರಿನ ಮುಂದಿನಿಂದ ಗುಂಯ್ ಅಂತ ಸದ್ದು ಶುರುವಾಯಿತು ಅಂದುಕೊಳ್ಳಿ. ಗ್ಯಾರೇಜಿಗೆ ಹೋದರೆ ಕೇಳಿಬರುವ ಮೊದಲ ಮಾತು, "ಬೇರಿಂಗ್ ಹೋಗಿದೆ ಸಾರ್, ಎರಡೂ ಕಡೆ ಹಾಕ್ಬಿಡೋಣ." ಇರಬಹುದು. ಆದರೆ ಅಡ್ಡಾದಿಡ್ಡಿ ಸವೆದ ಟೈರ್ ಕೂಡ ಥೇಟ್ ಹೀಗೇ ಸದ್ದು ಮಾಡುತ್ತದೆ. ಬೇರಿಂಗ್ ಬದಲಿಸಿ ದುಡ್ಡು ಕೊಟ್ಟು ಮನೆಗೆ ಬರುವಾಗ ಅದೇ ಗುಂಯ್ ಕೇಳಿಸಿದರೆ ಹೊಟ್ಟೆ ಉರಿಯುತ್ತದೆ, ಅಲ್ವಾ? ಅದಕ್ಕೇ ಖರ್ಚಿಲ್ಲದ ಪರೀಕ್ಷೆಗಳಿಂದ ಶುರು ಮಾಡೋಣ. ಜ್ಯಾಕ್, ಸ್ಪ್ಯಾನರ್ ಎಲ್ಲ ಆಮೇಲೆ.

ಇಲ್ಲಿ ಹೇಳುವುದು ಮುಂದಿನ ಚಕ್ರಗಳಿಗೇ ಇಂಜಿನ್ ಶಕ್ತಿ ಹೋಗುವ ಹಳೇ ಕಾರುಗಳ ಬಗ್ಗೆ. ಜೆನ್, ಆಲ್ಟೊ, ವ್ಯಾಗನ್ ಆರ್, ಸ್ಯಾಂಟ್ರೊ, ಇಂಡಿಕಾ, ಇಂಥವು. ಬೇರಿಂಗ್ ಅಂದರೆ ಚಕ್ರ ಸಲೀಸಾಗಿ ತಿರುಗಲು ಒಳ ರಿಂಗ್, ಹೊರ ರಿಂಗ್ ನಡುವೆ ಉಕ್ಕಿನ ಗುಂಡುಗಳಿರುವ ಭಾಗ. ಇವುಗಳಲ್ಲಿ ಹೆಚ್ಚಿನವಕ್ಕೆ ಅದನ್ನು ನಕಲ್ (ಚಕ್ರವನ್ನು ಹೊತ್ತಿರುವ, ಸ್ಟೀರಿಂಗ್ ಜೊತೆ ತಿರುಗುವ ಗಟ್ಟಿ ಲೋಹದ ಭಾಗ) ಒಳಗೆ ಒತ್ತಿ ಕೂರಿಸಿರುತ್ತಾರೆ. ಚಕ್ರ ಬಿಗಿಯುವ ಹಬ್ ಅನ್ನುವ ಭಾಗವನ್ನು ಬೇರಿಂಗ್ ಒಳಗೆ ಒತ್ತಿರುತ್ತಾರೆ. ಈ ಎರಡು ಸಲದ ಒತ್ತುವಿಕೆಯೇ ಇಡೀ ಕೆಲಸದ ಕಷ್ಟದ ಭಾಗ. ಹಾಗಾಗಿ ನನ್ನ ಲೆಕ್ಕ ಇಷ್ಟು: ಪತ್ತೆ ಹಚ್ಚುವುದು, ಬಿಚ್ಚುವುದು, ಜೋಡಿಸುವುದು ಮನೆಯಲ್ಲಿ. ಬೇರಿಂಗ್ ಕೀಳುವುದು, ಕೂರಿಸುವುದು ಮಾತ್ರ ಪ್ರೆಸ್ (ಒತ್ತುವ ಯಂತ್ರ) ಇರುವ ಲೇತ್ ಅಂಗಡಿಯಲ್ಲಿ. ಸುತ್ತಿಗೆಯಿಂದ ಬಡಿದು ಕೂರಿಸುವವರು ಊರು ತುಂಬ ಇದ್ದಾರೆ. ಅವರ ಗಿರಾಕಿಗಳು ಮತ್ತೆ ಮತ್ತೆ ಬರುತ್ತಿರುತ್ತಾರೆ.

ಲಕ್ಷಣ: ವೇಗ ಏರಿದಂತೆ ಏರುವ ಗುಂಯ್ ಸದ್ದು

ಸಾಮಾನ್ಯವಾಗಿ 40 ಕಿ.ಮೀ. ವೇಗದ ಹತ್ತಿರ ಸಣ್ಣಗೆ ಶುರುವಾಗಿ, 60, 70ಕ್ಕೆ ಹೋದಾಗ ಮಾತಾಡುವುದಕ್ಕೂ ಅಡ್ಡಿಯಾಗುವಷ್ಟು ಆಗುತ್ತದೆ. ಸಿಟಿಯೊಳಗೆ ಈ ವೇಗ ಸಿಗುವುದೇ ಅಪರೂಪ. ಹಾಗಾಗಿ ಬೆಂಗಳೂರಿನಲ್ಲಿ ಎಷ್ಟೋ ಬೇರಿಂಗುಗಳು ಟ್ರಾಫಿಕ್ಕಿನಲ್ಲಿ ಸುಮ್ಮನಿದ್ದು, ಹಬ್ಬಕ್ಕೆ ಊರಿಗೆ ಹೊರಟಾಗ ನೆಲಮಂಗಲ ದಾಟಿದ ಮೇಲೆ ಬಾಯಿ ಬಿಡುತ್ತವೆ.

ಮೊದಲು ಸದ್ದು ಇಂಜಿನ್ನಿನದೋ ಚಕ್ರದ್ದೋ ನೋಡಿ. ಖಾಲಿ ರಸ್ತೆಯಲ್ಲಿ 60ಕ್ಕೆ ಹೋಗಿ, ಆಕ್ಸಿಲರೇಟರ್ ಬಿಟ್ಟು ಗೇರನ್ನು ನ್ಯೂಟ್ರಲ್‌ಗೆ ತನ್ನಿ. ಇಂಜಿನ್ ಆಫ್ ಮಾಡಬೇಡಿ. ಮಾಡಿದರೆ ಬ್ರೇಕ್ ಮತ್ತು ಪವರ್ ಸ್ಟೀರಿಂಗಿನ ಸಹಾಯ ಹೋಗುತ್ತದೆ, ಕೀ ತಿರುಗಿಸಿದರೆ ಸ್ಟೀರಿಂಗ್ ಲಾಕ್ ಆಗಲೂಬಹುದು. ಇಂಜಿನ್ ಸದ್ದು ಇಳಿದರೂ ಗುಂಯ್ ಹಾಗೇ ಇದ್ದು, ಗಾಡಿ ನಿಧಾನವಾದಂತೆ ಇಳಿದರೆ ಅದು ಟೈರ್ ಅಥವಾ ಬೇರಿಂಗ್. ನ್ಯೂಟ್ರಲ್ ಹಾಕಿದ ತಕ್ಷಣ ಸದ್ದು ಬದಲಾದರೆ ಇಂಜಿನ್, ಗೇರ್‌ಬಾಕ್ಸ್ ಕಡೆ ಹುಡುಕಬೇಕು. ಈ ಬರಹ ಅದಕ್ಕಲ್ಲ.

ಇನ್ನು ರಸ್ತೆ ಬದಲಿಸಿ ನೋಡಿ. ಇದಕ್ಕೆ ನಮ್ಮ ಊರು ಹೇಳಿ ಮಾಡಿಸಿದಂತಿದೆ. ಒಂದು ಫರ್ಲಾಂಗ್ ಡಾಂಬರು, ಮುಂದೆ ವೈಟ್ ಟಾಪಿಂಗ್ ಕಾಂಕ್ರೀಟು. ಡಾಂಬರಿನಿಂದ ಕಾಂಕ್ರೀಟಿಗೆ ಹತ್ತಿದಾಗ ಸದ್ದಿನ ದನಿಯೇ ಬದಲಾದರೆ ಟೈರ್ ಮೇಲೆ ಅನುಮಾನ ಪಡಿ. ಬೇರಿಂಗಿಗೆ ಕೆಳಗಿರುವುದು ಡಾಂಬರೋ ಕಾಂಕ್ರೀಟೋ ಗೊತ್ತಾಗುವುದಿಲ್ಲ. ಅದು ತನ್ನ ಪಾಡಿಗೆ ಒಂದೇ ರಾಗ ಎಳೆಯುತ್ತಿರುತ್ತದೆ.

ಗಾಡಿ ನಿಲ್ಲಿಸಿ, ಮುಂದಿನ ಎರಡೂ ಟೈರುಗಳ ಮೇಲೆ ಅಂಗೈ ಸವರಿ. ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ. ಒಂದು ಕಡೆ ನುಣ್ಣಗೆ, ಇನ್ನೊಂದು ಕಡೆ ಗರಗಸದ ಹಲ್ಲು ಮುಟ್ಟಿದಂತೆ ಅನ್ನಿಸಿದರೆ ಆ ಟೈರೇ ಕೂಗುತ್ತಿರಬಹುದು. ಅಲೈನ್ಮೆಂಟ್ ತಪ್ಪಿದ್ದರೆ, ಶಾಕ್ ಅಬ್ಸಾರ್ಬರ್ ಸತ್ತಿದ್ದರೆ ಹೀಗೆ ಸವೆಯುತ್ತದೆ. ಹಾಗೇ ಸವರುವಾಗ ತಂತಿ ಹೊರಗೆ ಬಂದಿದ್ದರೆ ಕೈ ಜೋಪಾನ. ಗಾಳಿಯನ್ನೂ ಒಮ್ಮೆ ನೋಡಿಬಿಡಿ.

ಅನುಮಾನ ಉಳಿದರೆ ಮುಂದಿನ ಚಕ್ರಗಳನ್ನು ಹಿಂದಕ್ಕೆ, ಹಿಂದಿನವನ್ನು ಮುಂದಕ್ಕೆ ಅದೇ ಬದಿಯಲ್ಲಿ ಹಾಕಿ ಓಡಿಸಿ. ಪಂಚರ್ ಅಂಗಡಿಯಲ್ಲಿ ಮಾಡಿಸಿದರೂ ದೊಡ್ಡ ಖರ್ಚಲ್ಲ. ಸದ್ದು ಹಿಂದಕ್ಕೆ ಹೋಯಿತು ಅಥವಾ ದನಿ ಬದಲಾಯಿತು ಅಂದರೆ ಟೈರ್. ಒಂದಿಷ್ಟೂ ಬದಲಾಗದೆ ಮುಂದೆಯೇ ಕೂತಿದ್ದರೆ ಬೇರಿಂಗ್ ಕಡೆ ತಕ್ಕಡಿ ವಾಲುತ್ತದೆ. ಬೇರಿಂಗ್ ಕೊಳ್ಳುವ ಮೊದಲು ಇದೊಂದನ್ನು ತಪ್ಪಿಸಬೇಡಿ.

ಲಕ್ಷಣ: ಒಂದು ಕಡೆ ತಿರುಗಿದಾಗ ಸದ್ದು ಜಾಸ್ತಿ, ಇನ್ನೊಂದು ಕಡೆ ಕಮ್ಮಿ

ಬೇರಿಂಗ್ ಹೋಗಿದೆ ಅನ್ನುವುದಕ್ಕೆ ಇದು ಒಳ್ಳೆಯ ಸುಳಿವು. ಗಾಡಿ ಬಲಕ್ಕೆ ತಿರುಗುವಾಗ ಭಾರವೆಲ್ಲ ಎಡಗಡೆ ಚಕ್ರಗಳ ಮೇಲೆ ಬೀಳುತ್ತದೆ. ಆಗ ಸದ್ದು ಏರಿದರೆ ಎಡಗಡೆ ಬೇರಿಂಗ್ ಮೇಲೆ ಅನುಮಾನ. ಎಡಕ್ಕೆ ತಿರುಗುವಾಗ ಏರಿದರೆ ಬಲಗಡೆಯದು. ಫ್ಲೈಓವರುಗಳ ಉದ್ದನೆಯ ತಿರುವುಗಳಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ. ಹೆಬ್ಬಾಳದ ಲೂಪಿನಲ್ಲಿ ಮಾಮೂಲಿ ವೇಗದಲ್ಲಿ ಹೋಗುತ್ತಲೇ ಕೇಳಿಸಿಕೊಳ್ಳಬಹುದು. ಇಲ್ಲವಾದರೆ ಬೆಳಗಿನ ಜಾವ ನೈಸ್ ರಸ್ತೆಯಲ್ಲಿ, ಹಿಂದೆ ಯಾರೂ ಇಲ್ಲದಾಗ, ಸ್ಟೀರಿಂಗನ್ನು ಲೇನಿನೊಳಗೇ ಮೆಲ್ಲಗೆ ಆ ಕಡೆ ಈ ಕಡೆ ಆಡಿಸಿ. ಹಾವಿನ ಹಾಗೆ ಓಡಿಸುವ ಅಗತ್ಯ ಇಲ್ಲ. ಒಬ್ಬರು ಓಡಿಸಲಿ, ಇನ್ನೊಬ್ಬರು ಕೇಳಿಸಿಕೊಳ್ಳಲಿ. ಓಡಿಸುವವರು ಸದ್ದಿನ ಕಡೆ ಕಿವಿ ಕೊಟ್ಟು ರಸ್ತೆ ಮರೆತರೆ ಬೇರಿಂಗಿಗಿಂತ ದೊಡ್ಡ ಖರ್ಚಾಗುತ್ತದೆ.

ಆದರೂ ಇದೊಂದನ್ನೇ ನಂಬಿ ಪಾರ್ಟ್ಸ್ ತರಬೇಡಿ. ಸದ್ದು ಬಾಡಿಯ ತಗಡಿನುದ್ದಕ್ಕೂ ಹರಿಯುತ್ತದೆ. ಎಡಗಡೆಯದು ಬಲಗಡೆ ಕೇಳಿಸಬಹುದು. ಹಿಂದಿನ ಬೇರಿಂಗ್ ಸದ್ದು ಮುಂದಿನದು ಅನ್ನಿಸಿದ್ದೂ ಉಂಟು. ಇಷ್ಟಾದ ಮೇಲೆ ಜ್ಯಾಕ್ ಹಾಕಿಯೇ ನೋಡಬೇಕು.

ಜ್ಯಾಕ್ ಹಾಕುವ ಮೊದಲು

ಇದನ್ನು ಓದದೆ ಮುಂದೆ ಹೋಗಬೇಡಿ. ಗಾಡಿ ಜೊತೆ ಬರುವ ಜ್ಯಾಕ್ ಇರುವುದು ಪಂಚರ್ ಆದಾಗ ಚಕ್ರ ಬದಲಿಸಲಿಕ್ಕೆ ಮಾತ್ರ. ಅದರ ಭರವಸೆ ಮೇಲೆ ಗಾಡಿ ಕೆಳಗೆ ಕೈ, ತಲೆ ಇಡಬಾರದು. ಎತ್ತಿದ ಗಾಡಿಯನ್ನು ಹೊತ್ತು ನಿಲ್ಲಿಸುವ ಎರಡು ಜ್ಯಾಕ್ ಸ್ಟ್ಯಾಂಡ್ ಬೇಕೇ ಬೇಕು. ಮನೆ ಕಟ್ಟುವ ಸಿಮೆಂಟ್ ಬ್ಲಾಕು, ಇಟ್ಟಿಗೆ ಪೇರಿಸಿ ಗಾಡಿ ನಿಲ್ಲಿಸುವುದನ್ನು ಬೀದಿಯಲ್ಲಿ ದಿನಾ ನೋಡುತ್ತೇವೆ. ಬ್ಲಾಕ್ ಒಡೆಯುವಾಗ ಹೇಳಿ ಒಡೆಯುವುದಿಲ್ಲ.

ನೆಲ ಸಮ ಇರಬೇಕು, ಗಟ್ಟಿ ಇರಬೇಕು. ಬೇಸ್ಮೆಂಟ್ ರ‍್ಯಾಂಪ್ ಬೇಡ. ಮಳೆ ಬಿದ್ದ ಮಣ್ಣಾದರೆ ಜ್ಯಾಕ್ ಕೆಳಗೆ ದಪ್ಪ ಹಲಗೆ ಹಾಕಿ. ಫುಟ್‌ಪಾತ್ ಚಪ್ಪಡಿ ಮೇಲೆ ಜ್ಯಾಕ್ ಇಡಲೇಬೇಡಿ, ಕೆಳಗೆ ಚರಂಡಿ. ಹಿಂದಿನ ಚಕ್ರಗಳಿಗೆ ಎರಡೂ ಬದಿ ಅಡ್ಡಗಲ್ಲು ಕೊಡಿ, ಹ್ಯಾಂಡ್‌ಬ್ರೇಕ್ ಎಳೆಯಿರಿ. ಸ್ಟ್ಯಾಂಡ್ ಮೇಲೆ ಕೂತ ಮೇಲೆ ಗಾಡಿಯನ್ನು ಒಮ್ಮೆ ಜೋರಾಗಿ ಅಲ್ಲಾಡಿಸಿ ನೋಡಿ. ಬೀಳುವುದಿದ್ದರೆ ನೀವು ಹೊರಗಿರುವಾಗಲೇ ಬೀಳಲಿ. (ಅಪಾರ್ಟ್‌ಮೆಂಟಿನವರು ಕಮಿಟಿಗೆ ಮೊದಲೇ ಒಂದು ಮಾತು ಹೇಳಿಡಿ. ಅರ್ಧ ಬಿಚ್ಚಿದ ಗಾಡಿ ಪಾರ್ಕಿಂಗಿನಲ್ಲಿ ರಾತ್ರಿಯಿಡೀ ನಿಂತರೆ ಬೆಳಗ್ಗೆ ವಾಟ್ಸ್ಯಾಪ್ ಗ್ರೂಪಿನಲ್ಲಿ ನಿಮ್ಮದೇ ಸುದ್ದಿ.)

ಲಕ್ಷಣ: ಚಕ್ರ ಅಲ್ಲಾಡುತ್ತದೆ, ಅಥವಾ ತಿರುಗಿಸಿದರೆ ಗೊರಗೊರ ಅನ್ನುತ್ತದೆ

ಮುಂದಿನ ಎರಡೂ ಚಕ್ರ ಎತ್ತಿ, ಗೇರ್ ನ್ಯೂಟ್ರಲ್‌ಗೆ ಹಾಕಿ. ಚಕ್ರವನ್ನು ಮೇಲೊಂದು ಕೈ, ಕೆಳಗೊಂದು ಕೈ ಹಿಡಿದು ಒಳಕ್ಕೆ ಹೊರಕ್ಕೆ ತಳ್ಳಿ ಎಳೆಯಿರಿ. ಕಟ್ ಕಟ್ ಅಂತ ಆಡಿದರೆ ಎಲ್ಲೋ ಪ್ಲೇ, ಅಂದರೆ ಸಡಿಲ ಇದೆ. ಒಬ್ಬರನ್ನು ಸೀಟಿನಲ್ಲಿ ಕೂರಿಸಿ ಬ್ರೇಕ್ ಒತ್ತಿ ಹಿಡಿಯಲು ಹೇಳಿ, ಮತ್ತೆ ಆಡಿಸಿ. ಬ್ರೇಕ್ ಒತ್ತಿದಾಗ ಆಟ ನಿಂತರೆ ಅದು ಬೇರಿಂಗಿನದು. ಬ್ರೇಕ್ ಡಿಸ್ಕನ್ನು ನಕಲ್ ಜೊತೆ ಕಚ್ಚಿ ಹಿಡಿಯುವುದರಿಂದ ಮಧ್ಯದಲ್ಲಿರುವ ಬೇರಿಂಗಿಗೆ ಆಡಲು ಜಾಗ ಇರುವುದಿಲ್ಲ. ಬ್ರೇಕ್ ಒತ್ತಿದರೂ ಆಡುತ್ತಿದ್ದರೆ ನಕಲನ್ನು ಕೆಳಗಿನ ತೋಳಿಗೆ (ಲೋವರ್ ಆರ್ಮ್) ಸೇರಿಸುವ ಬಾಲ್ ಜಾಯಿಂಟ್, ಇಲ್ಲವೇ ಆ ತೋಳಿನ ಬುಷ್ ನೋಡಬೇಕು. ಎಡಬಲ ಹಿಡಿದು ಆಡಿಸಿದಾಗ ಮಾತ್ರ ಪ್ಲೇ ಸಿಕ್ಕರೆ ಅದು ಹೆಚ್ಚಾಗಿ ಸ್ಟೀರಿಂಗನ್ನು ನಕಲಿಗೆ ಸೇರಿಸುವ ಟೈ ರಾಡ್ ಎಂಡ್ ಅಥವಾ ಸ್ಟೀರಿಂಗ್ ರ‍್ಯಾಕಿನದು.

ಚಕ್ರ ಗಟ್ಟಿಯಾಗೇ ಇದೆ, ಹಾಗಾಗಿ ಬೇರಿಂಗ್ ಸರಿ ಇದೆ ಅಂದುಕೊಳ್ಳಬೇಡಿ. ಸದ್ದು ಮಾಡುವ ಬೇರಿಂಗುಗಳಲ್ಲಿ ಬಹಳಷ್ಟಕ್ಕೆ ಪ್ಲೇ ಇರುವುದೇ ಇಲ್ಲ. ಒಳಗೆ ಗುಂಡುಗಳು ಉರುಳುವ ದಾರಿಯಲ್ಲಿ ತಗ್ಗು ಬಿದ್ದಿರುತ್ತದೆ ಅಷ್ಟೆ. ಪ್ಲೇ ಬರುವ ಹೊತ್ತಿಗೆ ಅದರ ಕಥೆ ಮುಗಿಯುತ್ತಾ ಬಂದಿರುತ್ತದೆ.

ಅದಕ್ಕೆ ನನಗೆ ಹೆಚ್ಚು ನಂಬಿಕೆ ಇರುವುದು ಸ್ಪ್ರಿಂಗ್ ಮುಟ್ಟಿ ನೋಡುವ ಪರೀಕ್ಷೆಯ ಮೇಲೆ. ಒಂದು ಕೈಯ ಬೆರಳ ತುದಿಗಳನ್ನು ಶಾಕ್ ಅಬ್ಸಾರ್ಬರಿನ ಸುರುಳಿ ಸ್ಪ್ರಿಂಗ್ ಮೇಲೆ ಹಗುರವಾಗಿ ಇಡಿ. ಇನ್ನೊಂದು ಕೈಯಿಂದ ಚಕ್ರವನ್ನು ನಿಧಾನ ತಿರುಗಿಸಿ. ಬೇರಿಂಗ್ ಸರಿ ಇದ್ದರೆ ಸ್ಪ್ರಿಂಗಿನಲ್ಲಿ ಏನೂ ಗೊತ್ತಾಗುವುದಿಲ್ಲ. ಕೆಟ್ಟಿದ್ದರೆ ಬೆರಳಿಗೆ ಸಣ್ಣಗೆ ಗರಗರ ನಡುಕ ಬರುತ್ತದೆ, ಕಿವಿಗೆ ಕೇಳಿಸದಿದ್ದರೂ. ಆ ಕಡೆ ಚಕ್ರಕ್ಕೂ ಹೀಗೇ ಮಾಡಿ ಹೋಲಿಸಿ. ಎರಡನ್ನೂ ಮುಟ್ಟಿದ ಮೇಲೆ ಯಾವುದು ಅನ್ನುವ ಗೊಂದಲ ಸಾಮಾನ್ಯವಾಗಿ ಉಳಿಯುವುದಿಲ್ಲ. ಬ್ರೇಕ್ ಪ್ಯಾಡ್ ಸ್ವಲ್ಪ ಉಜ್ಜುವ ಸರ್ ಸರ್ ಸದ್ದು ಮಾಮೂಲು. ಅದು ಸ್ಪ್ರಿಂಗಿಗೆ ನಡುಕವಾಗಿ ಬರುವುದಿಲ್ಲ.

ಚಕ್ರ ಎತ್ತಿ ಇಂಜಿನ್ ಸ್ಟಾರ್ಟ್ ಮಾಡಿ, ಗೇರ್ ಹಾಕಿ ತಿರುಗಿಸಿ ಕೇಳುವ ಚಾಳಿ ಕೆಲವರಿಗಿದೆ. ಮನೆಯಲ್ಲಿ ಖಂಡಿತ ಬೇಡ. ಸ್ಟ್ಯಾಂಡಿನಿಂದ ಜಾರಿದರೆ ಗಾಡಿ ಮುಂದೆ ನಿಂತವರ ಮೇಲೇ ಹೋಗುತ್ತದೆ.

ಲಕ್ಷಣ: ಬ್ರೇಕ್ ಪೆಡಲ್ ಮೊದಲ ಸಲ ಆಳಕ್ಕೆ ಹೋಗುತ್ತದೆ, ಸ್ಟೀರಿಂಗ್ ಸಡಿಲ ಅನ್ನಿಸುತ್ತದೆ

ತಿರುವಿನ ನಂತರ ಬ್ರೇಕ್ ಒತ್ತಿದರೆ ಪೆಡಲ್ ಕೆಳಗೆ ಹೋಗಿ, ಎರಡನೇ ಸಲ ಒತ್ತಿದಾಗ ಸರಿಯಾಗುತ್ತಿದೆಯೇ? ಬೇರಿಂಗಿನ ಪ್ಲೇಯಿಂದ ಡಿಸ್ಕ್ ಓಲಾಡಿ ಪ್ಯಾಡುಗಳನ್ನು ಹಿಂದಕ್ಕೆ ತಳ್ಳಿರಬಹುದು. ಬ್ರೇಕ್ ಆಯಿಲ್ ಸೋರಿಕೆ, ಪೈಪಿನೊಳಗೆ ಗಾಳಿ ಸೇರಿದ್ದರಿಂದಲೂ ಪೆಡಲ್ ಇಳಿಯುತ್ತದೆ. ಕಾರಣ ಯಾವುದೇ ಆದರೂ ಅಲ್ಲಿಗೇ ಓಡಾಟ ನಿಲ್ಲಿಸಿ. ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇರುವ ಗಾಡಿಯಲ್ಲಿ ಇದರ ಜೊತೆ ಎಬಿಎಸ್ ದೀಪವೂ ಹೊತ್ತಿಕೊಳ್ಳಬಹುದು.

ಸ್ಟೀರಿಂಗ್ ನಡುಗುವುದು ಒಂದು ನಿರ್ದಿಷ್ಟ ವೇಗದಲ್ಲಿ ಮಾತ್ರ, ಅದಕ್ಕಿಂತ ಮೇಲೆ ಹೋದರೆ ಕಮ್ಮಿಯಾಗುತ್ತದೆ ಅನ್ನುವುದಾದರೆ ವೀಲ್ ಬ್ಯಾಲೆನ್ಸಿಂಗ್ ಮಾಡಿಸಿ ನೋಡಿ. ಬೇರಿಂಗಿಗಿಂತ ಅದು ಅಗ್ಗ.

ಲಕ್ಷಣ: ಟಕ ಟಕ, ಕಿರ್ ಕಿರ್. ಇವು ಬೇರೆ

ಸ್ಟೀರಿಂಗ್ ಪೂರ್ತಿ ತಿರುಗಿಸಿ ಯು ಟರ್ನ್ ಮಾಡುವಾಗ ಟಕ ಟಕ ಅಂದರೆ, ಇಂಜಿನ್ ಶಕ್ತಿಯನ್ನು ಚಕ್ರಕ್ಕೆ ಒಯ್ಯುವ ಡ್ರೈವ್ ಶಾಫ್ಟಿನ ಸಿವಿ ಜಾಯಿಂಟ್. ಅದರ ರಬ್ಬರ್ ಬೂಟ್ ಹರಿದು ಗ್ರೀಸ್ ಎರಚಿದೆಯೇ ನೋಡಿ. ಬ್ರೇಕ್ ಒತ್ತಿದಾಗ ಕಿರ್ ಅಂದರೆ ಪ್ಯಾಡ್. ಯಾವಾಗಲೂ ಕಿರ್ ಅನ್ನುತ್ತಿದ್ದು, ರಿವರ್ಸ್ ಹೋದಾಗ ದಿಢೀರನೆ ನಿಂತರೆ ಡಿಸ್ಕ್ ಮತ್ತು ಅದರ ಹಿಂದಿನ ತಗಡಿನ ಮಧ್ಯೆ ಜಲ್ಲಿ ಕಲ್ಲು ಸಿಕ್ಕಿರಬಹುದು. ರಸ್ತೆ ಅಗೆಯದ ಬೀದಿ ನಮ್ಮಲ್ಲಿ ಎಲ್ಲಿದೆ ಹೇಳಿ? ತಗಡನ್ನು ಸ್ವಲ್ಪ ಬಗ್ಗಿಸಿದರೆ ಕಲ್ಲು ಬಿದ್ದುಹೋಗುತ್ತದೆ, ಖರ್ಚು ಸೊನ್ನೆ.

ಲಕ್ಷಣ: ಒಂದು ಚಕ್ರ ಮಾತ್ರ ಬಿಸಿ, ಸುಟ್ಟ ವಾಸನೆ

ಬ್ರೇಕ್ ಹೆಚ್ಚು ಹಿಡಿಯದೆ ಒಂದಷ್ಟು ದೂರ ಓಡಿಸಿ ನಿಲ್ಲಿಸಿ. ಅಂಗೈ ಹಿಂಭಾಗವನ್ನು ಚಕ್ರದ ಮಧ್ಯಭಾಗದ ಹತ್ತಿರ ತನ್ನಿ, ಮುಟ್ಟಬೇಡಿ. ಎಡಬಲ ಹೋಲಿಸಿ. ಒಂದು ಕಡೆ ಎದ್ದು ಕಾಣುವಷ್ಟು ಬಿಸಿ ಇದ್ದರೆ ಮೊದಲ ಅನುಮಾನ ಬ್ರೇಕ್ ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಮೇಲೆ. ಹಳೇ ಗಾಡಿಗಳಲ್ಲಿ ಪಿಸ್ಟನ್ ಅಥವಾ ಸ್ಲೈಡ್ ಪಿನ್ ತುಕ್ಕು ಹಿಡಿದು ಪ್ಯಾಡ್ ಸದಾ ಕಚ್ಚಿಕೊಂಡಿರುತ್ತದೆ. ಬಿಸಿಯ ಜೊತೆ ಗೊರಗೊರವೂ ಇದ್ದರೆ ಬೇರಿಂಗ್. ಸುಟ್ಟ ಗ್ರೀಸ್ ವಾಸನೆ ಅಥವಾ ಹೊಗೆ ಕಂಡರೆ ಅಲ್ಲೇ ಪಕ್ಕಕ್ಕೆ ಹಾಕಿ, ಟೋ ಮಾಡಿಸಿ. ನೀರು ಎರಚಬೇಡಿ.

ಹೀಗೇ ಇನ್ನೂ ಎರಡು ಸಂದರ್ಭದಲ್ಲಿ ಗಾಡಿ ಓಡಿಸದೆ ಟೋ ಮಾಡಿಸಬೇಕು. ಕೈಯಲ್ಲಿ ಆಡಿಸಿದಾಗ ಪ್ಲೇ ಕಣ್ಣಿಗೇ ಕಾಣುವಷ್ಟಿದ್ದರೆ ಒಂದು. ಗುಂಯ್ ಹೋಗಿ ಕಬ್ಬಿಣ ಅರೆಯುವ ಸದ್ದು ಬರುತ್ತಿದ್ದರೆ ಇನ್ನೊಂದು. ಬರೀ ಸಣ್ಣ ಗುಂಯ್ ಇದ್ದು ಪ್ಲೇ ಇಲ್ಲದಿದ್ದರೆ ಪಾರ್ಟ್ಸ್ ತರುವ ತನಕ ಊರೊಳಗೆ ನಿಧಾನ ಓಡಿಸಬಹುದು. ಹೈವೇಗೆ ಬೇಡ.

ಯಾಕೆ ಹಾಳಾಗುತ್ತದೆ

ವಯಸ್ಸು ಒಂದು. ಗುಂಡಿಗೆ ಧಡ್ ಅಂತ ಬಿದ್ದಾಗ ಒಳಗಿನ ಗುಂಡುಗಳು ರಿಂಗಿನ ಮೇಲೆ ತಗ್ಗು ಮಾಡುತ್ತವೆ. ಅಲ್ಲಿಂದ ಉಕ್ಕಿನ ಚಕ್ಕೆ ಏಳಲು ಶುರು. ನೀರು ಇನ್ನೊಂದು. ಓಡಿ ಬಿಸಿಯಾದ ಹಬ್ ನೀರು ನಿಂತ ಅಂಡರ್‌ಪಾಸಿಗೆ ಇಳಿದರೆ ಫಕ್ಕನೆ ತಣ್ಣಗಾಗುತ್ತದೆ. ಒಳಗಿನ ಗಾಳಿ ಕುಗ್ಗಿ, ಸವೆದ ಸೀಲಿನ ಅಂಚಿನಿಂದ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ವಾಟರ್ ಸರ್ವಿಸ್ ಮಾಡಿಸುವಾಗ ಹಬ್ಬಿಗೇ ಗುರಿಯಿಟ್ಟು ಪೈಪ್ ಹಿಡಿಯುವುದೂ ಒಳ್ಳೆಯದಲ್ಲ.

ಬದಲಿಸುವುದು: ಏನೇನು ಬೇಕು

ಬೇರಿಂಗ್, ಸರ್ಕ್ಲಿಪ್ (ಬೇರಿಂಗ್ ಜಾರದಂತೆ ಹಿಡಿಯುವ ಉಂಗುರ), ಹೊಸ ಆಕ್ಸಲ್ ನಟ್ (ಡ್ರೈವ್ ಶಾಫ್ಟಿನ ತುದಿಯ ದೊಡ್ಡ ನಟ್ಟು) ಅಥವಾ ಅದನ್ನು ಲಾಕ್ ಮಾಡುವ ಸ್ಪ್ಲಿಟ್ ಪಿನ್, ಬೇರೆ ಸೀಲ್ ಇರುವ ಗಾಡಿಯಾದರೆ ಸೀಲುಗಳು. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಹಳೇ ಗಾಡಿಯ ಬೇರಿಂಗ್ ಸಿಗುವುದು ಕಷ್ಟವಲ್ಲ, ಸರಿಯಾದದ್ದನ್ನು ಕೇಳಬೇಕು. ಮಾಡೆಲ್, ವರ್ಷ, ಎಬಿಎಸ್ ಇದೆಯೋ ಇಲ್ಲವೋ ಹೇಳಿ. ಒಂದೇ ಹೆಸರಿನ ಗಾಡಿಗೆ ವರ್ಷದ ಮೇಲೆ ಬೇರಿಂಗ್ ಬದಲಾಗಿರುತ್ತದೆ. ಎಸ್‌ಕೆಎಫ್, ಎನ್‌ಬಿಸಿ, ಎಫ್‌ಎಜಿ, ಕೋಯೋ ಥರದ ಹೆಸರಿನ ನಕಲಿ ಮಾಲೂ ತಿರುಗಾಡುತ್ತದೆ. ಪಕ್ಕದ ಅಂಗಡಿಗಿಂತ ಅರ್ಧ ಬೆಲೆಗೆ ಕೊಟ್ಟರೆ, ಬಿಲ್ ಕೇಳಿದಾಗ "ಬಿಲ್ ಯಾಕೆ ಸಾರ್" ಅಂದರೆ ವಾಪಸ್ ಬನ್ನಿ. ಬೇರಿಂಗಿನ ರಿಂಗ್ ಮೇಲೆ ಕೆತ್ತಿದ ನಂಬರು ಪ್ಯಾಕೆಟ್ಟಿನ ನಂಬರಿಗೆ ಹೊಂದಬೇಕು.

ಒಂದು ಕಡೆ ಹೋಗಿದ್ದರೆ ಒಂದೇ ಕಡೆ ಹಾಕಿದರೆ ಸಾಕು. ಇದು ಬ್ರೇಕ್ ಪ್ಯಾಡಿನ ಹಾಗೆ ಜೋಡಿಯಾಗಿಯೇ ಬದಲಿಸಬೇಕಾದ ಸಾಮಾನಲ್ಲ.

ಸಾಮಾನುಗಳಲ್ಲಿ ಮುಖ್ಯವಾದವು ಆಕ್ಸಲ್ ನಟ್ ಸಾಕೆಟ್ (ಸಣ್ಣ ಕಾರುಗಳಿಗೆ ಹೆಚ್ಚಾಗಿ 30 ಅಥವಾ 32 ಎಂ.ಎಂ.), ಉದ್ದ ಹಿಡಿ ಅಥವಾ ಪೈಪು, ಟಾರ್ಕ್ ರೆಂಚ್ (ಎಷ್ಟು ಬಿಗಿ ಅಂತ ಅಳೆದು ಬಿಗಿಯುವ ಸ್ಪ್ಯಾನರ್), ಕನ್ನಡಕ, ತುಕ್ಕು ಬಿಡಿಸುವ ಸ್ಪ್ರೇ, ಒಂದು ತುಂಡು ಕಟ್ಟುವ ತಂತಿ. ಟಾರ್ಕ್ ರೆಂಚ್ ಇಲ್ಲದಿದ್ದರೆ ಯಾರಿಂದಾದರೂ ಕೇಳಿ ತನ್ನಿ. ಸಿಗಲಿಲ್ಲವಾ? ಹಾಗಾದರೆ ಕೆಲಸಕ್ಕೆ ಕೈ ಹಾಕಬೇಡಿ.

ಬಿಚ್ಚುವುದು

ಆಕ್ಸಲ್ ನಟ್ ಸಡಿಲಿಸುವುದು ಗಾಡಿ ನೆಲದ ಮೇಲಿರುವಾಗಲೇ. ಸ್ಪ್ಲಿಟ್ ಪಿನ್ ಇದ್ದರೆ ತೆಗೆಯಿರಿ. ನಟ್ಟಿನ ಅಂಚನ್ನು ಶಾಫ್ಟಿನ ತೋಡಿನೊಳಕ್ಕೆ ಬಡಿದು ಲಾಕ್ ಮಾಡಿದ್ದರೆ ಆ ಅಂಚನ್ನು ಉಳಿಯಿಂದ ಮೇಲೆತ್ತಿ. ಒಬ್ಬರು ಬ್ರೇಕ್ ಗಟ್ಟಿಯಾಗಿ ಒತ್ತಿ ಹಿಡಿಯಲಿ. ವರ್ಷಗಟ್ಟಲೆ ತುಕ್ಕು ತಿಂದ ನಟ್ಟು ಸುಲಭಕ್ಕೆ ಬರುವುದಿಲ್ಲ. ಹಿಂದಿನ ರಾತ್ರಿಯೇ ಸ್ಪ್ರೇ ಹೊಡೆದಿಡಿ. ವೀಲ್ ನಟ್ಟುಗಳನ್ನೂ ಈಗಲೇ ಸ್ವಲ್ಪ ಸಡಿಲಿಸಿ. ಆಮೇಲೆ ಎತ್ತಿ ಸ್ಟ್ಯಾಂಡ್ ಕೊಡಿ, ಚಕ್ರ ಮತ್ತು ಆಕ್ಸಲ್ ನಟ್ ತೆಗೆಯಿರಿ.

ಕ್ಯಾಲಿಪರ್ ಬಿಚ್ಚಿ ಸ್ಪ್ರಿಂಗಿಗೆ ತಂತಿಯಿಂದ ಕಟ್ಟಿ. ಬ್ರೇಕ್ ಪೈಪಿನಲ್ಲಿ ಜೋತಾಡಲು ಬಿಡಬೇಡಿ. ಕಪ್ಪು ಧೂಳನ್ನು ಊದಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಹಳೇ ಪ್ಯಾಡುಗಳಲ್ಲಿ ಆಸ್ಬೆಸ್ಟಾಸ್ ಇರಬಹುದು. ಎಬಿಎಸ್ ಸೆನ್ಸರ್ ಇದ್ದರೆ ಹುಷಾರಾಗಿ ಬಿಡಿಸಿ ಪಕ್ಕಕ್ಕಿಡಿ. ಟೈ ರಾಡ್ ಎಂಡಿನ ನಟ್ಟನ್ನು ತುದಿಯ ಎರಡು ಎಳೆಯಲ್ಲಿ ಬಿಟ್ಟು, ಅದು ಕೂತಿರುವ ಕಣ್ಣಿನ ಪಕ್ಕಕ್ಕೆ ಸುತ್ತಿಗೆಯಿಂದ ಒಂದೆರಡು ಏಟು ಕೊಟ್ಟರೆ ಸಡಿಲವಾಗುತ್ತದೆ. ಬೋಲ್ಟಿನ ತುದಿಗೆ ಹೊಡೆದರೆ ಎಳೆ ಹಾಳು.

ಸ್ಟ್ರಟ್ಟನ್ನು (ಸ್ಪ್ರಿಂಗ್ ಸಮೇತ ಇರುವ ಶಾಕ್ ಅಬ್ಸಾರ್ಬರ್) ನಕಲ್ ಜೊತೆ ಹಿಡಿದಿರುವ ಎರಡು ಬೋಲ್ಟ್ ಬಿಚ್ಚುವ ಮೊದಲು ಅವು ಕೂತ ಜಾಗಕ್ಕೆ ಪೇಂಟ್ ಅಥವಾ ಉಗುರು ಬಣ್ಣದಿಂದ ಗುರುತು ಹಾಕಿ. ಚಕ್ರದ ಓರೆ ಎಷ್ಟಿತ್ತೋ ಅಷ್ಟಕ್ಕೇ ಮತ್ತೆ ಕೂರಿಸಲು ಇದು ಬೇಕು. ಬಾನೆಟ್ ಒಳಗೆ ಸ್ಟ್ರಟ್ ತುದಿಯಲ್ಲಿ ಕಾಣುವ ನಡುವಿನ ನಟ್ಟನ್ನು ಮಾತ್ರ ಯಾವ ಕಾರಣಕ್ಕೂ ಮುಟ್ಟಬೇಡಿ. ಅದು ಅದುಮಿಟ್ಟ ಸ್ಪ್ರಿಂಗನ್ನು ಹಿಡಿದಿರುತ್ತದೆ. ಚಿಮ್ಮಿದರೆ ಪ್ರಾಣಕ್ಕೇ ಕುತ್ತು.

ಬಾಲ್ ಜಾಯಿಂಟ್ ಬಿಡಿಸಿ ನಕಲನ್ನು ಹೊರಕ್ಕೆ ಎಳೆಯುವಾಗ ಡ್ರೈವ್ ಶಾಫ್ಟ್ ಹಿಂದೆ ಸರಿಯಬೇಕು. ಸರಿಯದಿದ್ದರೆ ಆಕ್ಸಲ್ ನಟ್ಟನ್ನು ತಿರುಗಿಸಿ ಹಾಕಿ, ಮರದ ತುಂಡು ಅಡ್ಡ ಇಟ್ಟು ಮೆಲ್ಲಗೆ ತಟ್ಟಿ. ಶಾಫ್ಟನ್ನು ಹೊರಕ್ಕೆ ಜಗ್ಗಬೇಡಿ, ಒಳಗಿನ ಜಾಯಿಂಟ್ ಕಳಚಿಕೊಳ್ಳುತ್ತದೆ. ಅದನ್ನೂ ತಂತಿಯಲ್ಲಿ ಕಟ್ಟಿ. ಎಲ್ಲ ಕಳಚಿದ ಮೇಲೆ ನಕಲ್ ಸಮೇತ ಹಬ್ ಕೈಗೆ ಬರುತ್ತದೆ. ಹಬ್ಬನ್ನು ಒಂದು ಸುತ್ತು ತಿರುಗಿಸಿ. ಬೆರಳಿಗೆ ಕಲ್ಲು ಕಡಿದಂತೆ ಸಿಕ್ಕಿದರೆ ನಿಮ್ಮ ಪತ್ತೆ ಸರಿ. ನುಣ್ಣಗೆ ತಿರುಗಿದರೆ ಪ್ರೆಸ್ಸಿಗೆ ಹಾಕುವ ಮೊದಲು ಇನ್ನೊಮ್ಮೆ ಯೋಚಿಸಿ.

ತುಕ್ಕು ಹಿಡಿದ ಬೋಲ್ಟ್ ತುಂಡಾದರೆ, ಬಾಲ್ ಜಾಯಿಂಟ್ ಬಿಡದಿದ್ದರೆ ಜಿದ್ದಿಗೆ ಬೀಳದೆ ಮೆಕ್ಯಾನಿಕ್ಕನ್ನು ಕರೆಸಿ.

ಲೇತ್ ಅಂಗಡಿಯಲ್ಲಿ

ಪೀಣ್ಯ, ಕಲಾಸಿಪಾಳ್ಯ, ಇನ್ನೂ ಎಷ್ಟೋ ಬಡಾವಣೆಗಳಲ್ಲಿ ಹೈಡ್ರಾಲಿಕ್ ಪ್ರೆಸ್ ಇರುವ ಅಂಗಡಿ ಸಿಗುತ್ತದೆ. ನಕಲ್, ಬೇರಿಂಗ್, ಸರ್ಕ್ಲಿಪ್ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ, ಕೊಟ್ಟು ಬರಬೇಡಿ. ನಿಂತು ನೋಡಿ.

ಮೊದಲು ಹಬ್ಬನ್ನು ಒತ್ತಿ ಹೊರಗೆ ತೆಗೆಯುತ್ತಾರೆ. ಬೇರಿಂಗಿನ ಒಳ ರಿಂಗ್ ಒಂದು ಹೆಚ್ಚಾಗಿ ಹಬ್ಬಿಗೇ ಅಂಟಿಕೊಂಡು ಬರುತ್ತದೆ. ಅದನ್ನು ಪುಲ್ಲರಿನಿಂದ ತೆಗೆಯಬೇಕು. ಇಲ್ಲವೇ ಗ್ರೈಂಡರಿನಿಂದ ಮುಕ್ಕಾಲು ಆಳ ಕೊಯ್ದು ಉಳಿ ಇಟ್ಟು ಒಂದೇಟು ಹಾಕಿದರೆ ಟಪ್ ಅಂತ ಸೀಳುತ್ತದೆ. ಕೊಯ್ತ ಹಬ್ಬಿನ ಮೈಗೆ ತಾಗಬಾರದು. ಬೇರಿಂಗ್ ಉಕ್ಕು ಗಡುಸು, ಚೂರು ಸಿಡಿಯುತ್ತದೆ. ನೀವೂ ದೂರ ನಿಂತು ನೋಡಿ.

ಹಬ್ಬಿನ ಮೈ ಒರೆಸಿ ಉಗುರಿನಿಂದ ಗೀರಿ ನೋಡಿ. ರಿಂಗ್ ಸುತ್ತಿ ಗೆರೆ ಬಿದ್ದಿದ್ದರೆ, ನೀಲಿ ಬಣ್ಣಕ್ಕೆ ತಿರುಗಿದ್ದರೆ ಹಬ್ಬನ್ನೂ ಬದಲಿಸಬೇಕು. ಸವೆದ ಹಬ್ಬಿಗೆ ಹೊಸ ಬೇರಿಂಗ್ ಹಾಕಿದರೆ ಹೆಚ್ಚು ದಿನ ಬಾಳುವುದಿಲ್ಲ. ಆಮೇಲೆ ಸರ್ಕ್ಲಿಪ್ ತೆಗೆದು, ಹಳೇ ಬೇರಿಂಗ್ ಒತ್ತಿ ಕಳಿಸಿ, ನಕಲಿನ ತೂತನ್ನು ತುಕ್ಕಿಲ್ಲದಂತೆ ಒರೆಸಬೇಕು.

ಇನ್ನು ಮುಖ್ಯವಾದದ್ದು. ನಕಲ್ ಒಳಗೆ ಬೇರಿಂಗ್ ಕೂರಿಸುವಾಗ ಹೊರಗಿನ ರಿಂಗಿನ ಮೇಲೆ ಮಾತ್ರ ಒತ್ತಬೇಕು. ಹಬ್ ಕೂರಿಸುವಾಗ ಒಳಗಿನ ರಿಂಗಿಗೆ ಕೆಳಗಿನಿಂದ ಆಸರೆ ಕೊಡಬೇಕು. ಅದಲು ಬದಲಾದರೆ ಒತ್ತಡವೆಲ್ಲ ಗುಂಡುಗಳ ಮೂಲಕ ಹೋಗಿ, ಹೊಸ ಬೇರಿಂಗಿನ ದಾರಿಯಲ್ಲಿ ತಗ್ಗು ಬೀಳುತ್ತದೆ. ಗಾಡಿ ಓಡುವ ಮೊದಲೇ ಅದು ಹಾಳು. ಬಾಯಿಬಿಟ್ಟು ಕೇಳಲು ಸಂಕೋಚ ಬೇಡ. "ಅಣ್ಣಾ, ಹೊರಗಿನ ರಿಂಗ್ ಮೇಲೇ ಒತ್ತಿ, ಹಬ್ ಹಾಕುವಾಗ ಒಳಗಿನ ರಿಂಗಿಗೆ ಸಪೋರ್ಟ್ ಕೊಡಿ" ಅಂದರೆ ಕೆಲಸ ಗೊತ್ತಿರುವವರು "ಗೊತ್ತು ಸಾರ್" ಅಂತ ಸರಿಯಾದ ಅಳತೆಯ ಬುಷ್ ಹುಡುಕುತ್ತಾರೆ. ಸುತ್ತಿಗೆ ಎತ್ತಿದರೆ ಚೀಲ ಎತ್ತಿಕೊಳ್ಳಿ.

ಎಬಿಎಸ್ ಇರುವ ಕೆಲವು ಬೇರಿಂಗುಗಳ ಒಂದು ಬದಿಯ ಸೀಲಿನಲ್ಲೇ ಅಯಸ್ಕಾಂತದ ಪಟ್ಟಿ ಇರುತ್ತದೆ. ಆ ಬದಿ ಸೆನ್ಸರ್ ಕಡೆಗೇ ಇರಬೇಕು. ತಿರುಗಿಸಿ ಹಾಕಿದರೆ ಎಲ್ಲ ಜೋಡಿಸಿದ ಮೇಲೆ ದೀಪ ಹೊತ್ತುತ್ತದೆ, ಮತ್ತೆ ಒತ್ತಿ ತೆಗೆದರೆ ಬೇರಿಂಗ್ ಉಳಿಯುವುದಿಲ್ಲ. ಕೂರಿಸಿದ ಮೇಲೆ ಸರ್ಕ್ಲಿಪ್ ತನ್ನ ತೋಡಿನಲ್ಲಿ ಪೂರ್ತಿ ಕೂತಿದೆಯೇ ನೋಡಿ. ಕೂರುತ್ತಿಲ್ಲ ಅಂದರೆ ಬೇರಿಂಗ್ ತಳ ಮುಟ್ಟಿಲ್ಲ.

ಜೋಡಿಸುವುದು

ಬಿಚ್ಚಿದ್ದರ ಉಲ್ಟಾ. ನಿಧಾನಿಸಬೇಕಾದ್ದು ಆಕ್ಸಲ್ ನಟ್ ಹತ್ತಿರ. ಬೇರಿಂಗಿನ ಒಳ ರಿಂಗ್ ಎರಡು ಭಾಗವಾಗಿರುತ್ತದೆ. ಅವನ್ನು ಒಟ್ಟಿಗೆ ಬಿಗಿದು ಹಿಡಿಯುವುದು ಈ ನಟ್ಟೇ. ಸಡಿಲ ಬಿಟ್ಟರೆ ರಿಂಗುಗಳು ಬೇರಾಗಿ ಪ್ಲೇ ಬರುತ್ತದೆ. ಹಾಗಾಗಿ ನಟ್ ಬಿಗಿಯದೆ ಗಾಡಿಯನ್ನು ಒಂದಡಿಯೂ ಉರುಳಿಸಬೇಡಿ, ಪಾರ್ಕಿಂಗ್ ಸರಿ ಮಾಡಲಿಕ್ಕೂ ಬೇಡ. ಸ್ಟ್ಯಾಂಡ್ ಮೇಲಿರುವಾಗಲೇ ಬ್ರೇಕ್ ಒತ್ತಿಸಿ ಚೆನ್ನಾಗಿ ಬಿಗಿ ಮಾಡಿ. ಚಕ್ರ ಹಾಕಿ ಕೆಳಗಿಳಿಸಿ, ಉರುಳಿಸದೆ, ಟಾರ್ಕ್ ರೆಂಚಿನಿಂದ ಕೊನೆಯ ಬಿಗಿ ಕೊಡಿ. ಎಷ್ಟು ಅನ್ನುವುದನ್ನು ನಿಮ್ಮ ಗಾಡಿಯ ಸರ್ವಿಸ್ ಮ್ಯಾನ್ಯುಯಲ್ಲಿನಿಂದಲೇ ತೆಗೆದುಕೊಳ್ಳಿ. ಸಣ್ಣ ಕಾರುಗಳಲ್ಲಿ 150ರಿಂದ 250 ನ್ಯೂಟನ್ ಮೀಟರ್ ಸಾಮಾನ್ಯ, ಆದರೆ ಆ ಅಂತರದಲ್ಲಿ ಅಂದಾಜಿಗೆ ಜಾಗವಿಲ್ಲ. ಪಂಚರ್ ಅಂಗಡಿಯ ಗಾಳಿ ಗನ್ನಿನಿಂದ ಇದನ್ನು ಬಿಗಿಸಬೇಡಿ. ಕೊನೆಗೆ ಹೊಸ ಸ್ಪ್ಲಿಟ್ ಪಿನ್ ಹಾಕಿ ಬಗ್ಗಿಸಿ, ಅಥವಾ ಹೊಸ ನಟ್ಟಿನ ಅಂಚನ್ನು ಬಡಿದು ಲಾಕ್ ಮಾಡಿ.

ಗಾಡಿ ಹೊರಡಿಸುವ ಮೊದಲು ಬ್ರೇಕ್ ಪೆಡಲನ್ನು ಗಟ್ಟಿಯಾಗುವ ತನಕ ಒತ್ತಿ. ಕ್ಯಾಲಿಪರ್ ಬಿಚ್ಚಿದ್ದರಿಂದ ಮೊದಲ ಒತ್ತು ಖಾಲಿ ಹೋಗುತ್ತದೆ, ಅದು ಗೇಟಿನ ಹೊರಗೆ ಗೊತ್ತಾಗುವುದು ಬೇಡ. ಬೀದಿಯಲ್ಲಿ ನಿಧಾನಕ್ಕೆ ಎರಡು ಸುತ್ತು ಹೊಡೆದು ಹಬ್ ಬಿಸಿ ನೋಡಿ. ಸ್ಟ್ರಟ್ ಬೋಲ್ಟ್ ಬಿಚ್ಚಿದ್ದರಿಂದ ಅಲೈನ್ಮೆಂಟ್ ಮಾಡಿಸಿ. 50, 100 ಕಿ.ಮೀ. ಆದ ಮೇಲೆ ವೀಲ್ ನಟ್ಟುಗಳ ಬಿಗಿ ಇನ್ನೊಮ್ಮೆ ನೋಡಿ.

ಲಕ್ಷಣ: ಬದಲಿಸಿದ ಮೇಲೂ ಸದ್ದು ಇದೆ

ಥೇಟ್ ಮೊದಲಿನ ಸದ್ದೇ ಇದ್ದರೆ ಇನ್ನೊಂದು ಕಡೆಯ ಬೇರಿಂಗ್, ಇಲ್ಲವೇ ಟೈರ್. ಹಳೇ ಬೇರಿಂಗನ್ನು ಎಸೆಯದೆ ಇಟ್ಟುಕೊಂಡಿದ್ದರೆ ಉತ್ತರ ಅದರಲ್ಲೇ ಸಿಗುತ್ತದೆ. ಸೀಲ್ ಕಿತ್ತು ಗ್ರೀಸ್ ಒರೆಸಿ, ರಿಂಗಿನ ಒಳಮೈಯನ್ನು ಬೆಳಕಿಗೆ ಹಿಡಿಯಿರಿ. ಕನ್ನಡಿಯಂತೆ ಹೊಳೆಯಬೇಕಾದ ಪಟ್ಟಿಯಲ್ಲಿ ಮಾಸಲು ಗುಂಡಿಗಳು, ಎದ್ದ ಚಕ್ಕೆಗಳು ಕಂಡರೆ ಬದಲಿಸಿದ್ದು ಸರಿ. ಗ್ರೀಸ್ ಕಾಫಿ ಬಣ್ಣಕ್ಕೆ ತಿರುಗಿ ತುಕ್ಕು ಸೇರಿದ್ದರೆ ನೀರು ಹೋಗಿತ್ತು. ಕಳಂಕವೇ ಇಲ್ಲದಿದ್ದರೆ ಒಳ್ಳೇ ಬೇರಿಂಗ್ ಕಿತ್ತಿದ್ದೀರಿ, ಮತ್ತೆ ಟೈರಿನಿಂದ ಶುರು ಮಾಡಿ.

ಮೊದಲಿಲ್ಲದ ಹೊಸ ಗೊರಗೊರ ಬಂದಿದ್ದರೆ ಒತ್ತುವಾಗ ಏಟು ಬಿದ್ದಿದೆ, ಅಥವಾ ಡಿಸ್ಕ್ ಹಿಂದಿನ ತಗಡು ಬಗ್ಗಿ ಉಜ್ಜುತ್ತಿದೆ. ತಗಡನ್ನು ಮೊದಲು ನೋಡಿ. ಕೆಲವೇ ತಿಂಗಳಲ್ಲಿ ಅದೇ ಕಡೆ ಮತ್ತೆ ಹೋದರೆ ಮೂರನೇ ಬೇರಿಂಗ್ ಕೊಳ್ಳುವ ಮೊದಲು ಹಬ್ ಮತ್ತು ನಕಲಿನ ತೂತಿನ ಅಳತೆ ತೆಗೆಸಿ. ತೂತು ದೊಡ್ಡದಾಗಿದ್ದರೆ ಅಂಟು ಹಾಕಿ, ಚುಕ್ಕಿ ಬಡಿದು ಬಿಗಿ ಮಾಡಿಕೊಡುತ್ತೇವೆ ಅನ್ನುತ್ತಾರೆ. ಒಪ್ಪಬೇಡಿ, ನಕಲ್ ಬದಲಿಸಿ.